ಹನ್ನೊಂದು ಪುಟದ ಹೇಳಿಕೆ

ನಮ್ಮೂರಿನ ಕುಟುಂಬ ನ್ಯಾಯಾಲಯದಲ್ಲಿ ನಿಂತು ನಿಜ ಹೇಳಿದವರಿಗೆ ಆ ನಿಜ ಮರೆತುಹೋಗುತ್ತದೆ. ಸುಳ್ಳು ಹೇಳಿದವರಿಗೆ ಹೇಳಿದ್ದೆಲ್ಲ ನೆನಪಿರುತ್ತದೆ. ಬೇರೆ ಕೋರ್ಟುಗಳಲ್ಲಿ ಹೀಗಿಲ್ಲ. ಜಮೀನಿನ ಕೋರ್ಟು ಎದುರು ರಸ್ತೆಯಲ್ಲೇ ಇದೆ, ಅಲ್ಲಿ ಯಾರು ಏನು ಹೇಳಿದರೂ ಸಾಯುವವರೆಗೆ ನೆನಪಿಟ್ಟುಕೊಂಡು ಜಗಳ ಆಡುತ್ತಾರೆ. ಈ ಕಟ್ಟಡದಲ್ಲಿ ಮಾತ್ರ ಹೀಗೆ. ಇದರ ಗೇಟಿನ ಪಕ್ಕ, ಸೈಕಲ್ ನಿಲ್ಲಿಸುವ ತಗಡಿನ ಚಪ್ಪರದ ಕೆಳಗೆ ಕಬ್ಬಿಣದ ಮೇಜೊಂದನ್ನು ಹಾಕಿಕೊಂಡು ಇಪ್ಪತ್ತಾರು ವರ್ಷದಿಂದ ನಾನು ಕೋರ್ಟಿನ ಕಾಗದಗಳ ನಕಲಿಗೆ ಅರ್ಜಿ ಬರೆದುಕೊಡುತ್ತಿದ್ದೇನೆ. ಊರಿನವರು ನನ್ನನ್ನು ಅರ್ಜಿ ಸಾಕಮ್ಮ ಎನ್ನುತ್ತಾರೆ.

ಜನ ಇದಕ್ಕೆ ಹೊಂದಿಕೊಂಡಿದ್ದಾರೆ. ಸಾಕ್ಷಿ ಹೇಳಲು ಬರುವ ಹೆಂಗಸಿನ ಜೊತೆ ಅಕ್ಕನೋ ಅತ್ತಿಗೆಯೋ ಒಬ್ಬರು ಬಂದೇ ಬರುತ್ತಾರೆ. ಗಂಡ ಹೊಡೆಯುತ್ತಾನೆ ಎಂದು ಒಳಗೆ ಅತ್ತುಕೊಂಡು ಹೇಳಿದವಳು, ಮೆಟ್ಟಿಲಿಳಿದು ಬಂದಾಗ ಅವನು ಗೇಟಿನಲ್ಲಿ ನಿಂತಿದ್ದರೆ, "ಊಟ ಆಯ್ತಾ?" ಎಂದು ಕೇಳಿ ಅವನ ಹಿಂದೆಯೇ ಹೋಗಿಬಿಡುತ್ತಾಳೆ. ಹಾಗೆ ಹೋದವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದಕ್ಕೇ ನನ್ನ ಹತ್ತಿರ ಬಂದ ಹೆಣ್ಣುಮಕ್ಕಳಿಗೆ ಮೊದಲು ಹೇಳುವುದು ಇದು: "ಹೇಳಿಕೆ ಕೊಟ್ಟ ದಿನಾನೇ ನಕಲಿಗೆ ಅರ್ಜಿ ಹಾಕವ್ವ. ನಕಲು ನೀನು ಇಟ್ಕೋಬೇಡ, ಅಕ್ಕನ ಕೈಗೆ ಕೊಡು. ನೀನು ಗಂಟು ಕಟ್ಕೊಂಡು ಅವನ ಮನೆಗೆ ಹೊರಟಾಗೆಲ್ಲ ಓದಿ ಹೇಳ್ಲಿ." ಓದಿದರೆ ನೆನಪು ವಾಪಸು ಬರುವುದಿಲ್ಲ. ಪಕ್ಕದ ಮನೆಯವಳ ವಿಷಯ ಓದಿದಂತೆ ಇರುತ್ತದೆ. ಆದರೂ ಓದಿದವಳು ಒಂದು ಗಳಿಗೆ ಯೋಚನೆಯನ್ನಾದರೂ ಮಾಡುತ್ತಾಳೆ.

ಹಾಗಾದರೆ ಸುಳ್ಳುಗಾರರನ್ನು ಹಿಡಿಯುವುದು ಸುಲಭವಲ್ಲವೇ ಎಂದು ಪರಊರಿನವರು ಕೇಳುತ್ತಾರೆ. ಮರೆತವರ ಹಾಗೆ ನಟಿಸುವುದು ನಮ್ಮೂರಿನ ಮಕ್ಕಳಿಗೂ ಬರುತ್ತದೆ. ಸುಳ್ಳು ಹೇಳಿ ಬಂದವನೇ ಎಲ್ಲರಿಗಿಂತ ಹೆಚ್ಚು ತಬ್ಬಿಬ್ಬಾಗಿ, ಕಾಲ ಬುಡದಲ್ಲೇ ಇರುವ ಚಪ್ಪಲಿ ಹುಡುಕುತ್ತ, "ಒಳಗೆ ಏನಾಯ್ತಣ್ಣ?" ಎಂದು ಟೀ ಅಂಗಡಿಯ ಮಾದಯ್ಯನನ್ನು ಕೇಳುತ್ತಾನೆ. ಮಾದಯ್ಯ, "ನಂಗೇನ್ ಗೊತ್ತು ಸ್ವಾಮಿ. ಸಕ್ಕರೆ ಹಾಕೋದಾ ಬೇಡ್ವಾ, ಅದಾದ್ರೂ ನೆನಪೈತಾ?" ಎನ್ನುತ್ತಾನೆ. ನಾನೂ ಒಂದು ಕಾಲಕ್ಕೆ ಆ ಮೆಟ್ಟಿಲು ಇಳಿದು ಬಂದವಳು. ನಾನೂ ಚಪ್ಪಲಿ ಹುಡುಕಿದೆ. ನನ್ನ ವಿಷಯ ಅಷ್ಟು ಸಾಕು.

ದಮಯಂತಿ ಬಂದದ್ದು ಒಂದು ಸೋಮವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ. ಇಪ್ಪತ್ತೆರಡು ವರ್ಷದ ಹುಡುಗಿ, ಊದುಬತ್ತಿ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸದವಳು. ಮೈಯಿಂದ ಗಂಧದ ಪುಡಿಯ ವಾಸನೆ ಬರುತ್ತಿತ್ತು. ಬಗಲಲ್ಲಿ ನಾಲ್ಕು ತಿಂಗಳ ಕೂಸು. ಗಂಡ ಬೋರ್‌ವೆಲ್ ಲಾರಿಯ ಜೊತೆ ಊರೂರು ಸುತ್ತುವವನು, ಬಂದರೆ ಹಬ್ಬಕ್ಕೆ ಬರುತ್ತಾನೆ.

"ಹಳೇ ಫೈಲ್ ಒಂದು ತೆಗೆಸ್ಬೇಕಿತ್ತಕ್ಕ," ಎಂದಳು.

"ಯಾರ್ದು?"

"ನಮ್ಮಪ್ಪ ಅಮ್ಮಂದು. ಅಂದ್ರೆ ನಂದೇ. ನನ್ನ ಯಾರ ಹತ್ರ ಬಿಡೋದು ಅಂತ ನಡೆದಿದ್ದು."

"ಕೇಸ್ ನಂಬರು?"

"ಗೊತ್ತಿಲ್ಲ."

"ವರ್ಷ?"

"ಅದೂ ಗೊತ್ತಿಲ್ಲ. ನಾನು ಚಿಕ್ಕೋಳು."

"ಮತ್ತೆ ಗೊತ್ತಿರೋದು ಏನು ತಾಯಿ?"

ಅವಳು ಎಡಗೈ ಬಿಡಿಸಿ ನನ್ನ ಮೇಜಿನ ಮೇಲೆ ಇಟ್ಟಳು. ಅಂಗೈಯಿಂದ ಕಿರುಬೆರಳ ಬುಡದವರೆಗೆ ಚರ್ಮ ಮುದುರಿ ಹೊಳೆಯುತ್ತಿತ್ತು. "ಇದು ಗೊತ್ತು. ನಮ್ಮಮ್ಮ ನನ್ನ ಕೈ ಹಿಡ್ದು ಕಾದ ಕಾವಲಿಗೆ ಒತ್ತಿದ್ದು. ಹಸಿರು ಬಳೆ ಹಾಕಿದ್ಲು. ಸಾಯಿ ಅಂದ್ಲು. ಆರು ವರ್ಷ ಆಗೋವರೆಗೂ ಆಯಮ್ಮನ ಹತ್ರಾನೇ ಇದ್ನಂತೆ. ಅಷ್ಟು ವರ್ಷದಲ್ಲಿ ನಂಗೆ ಆಯಮ್ಮ ಅಂದ್ರೆ ನೆನಪಿರೋದು ಇದೊಂದೇ. ಮುಖಾನೂ ನೆನಪಿಲ್ಲ, ಬಳೆ ಮಾತ್ರ."

ಆಮೇಲೆ ರವಿಕೆಯೊಳಗಿನಿಂದ ಒಂದು ಕಾಗದ ತೆಗೆದುಕೊಟ್ಟಳು. ತಾಯಿ ರುದ್ರಮ್ಮ ಬರೆಸಿದ್ದು. ಅಕ್ಷರ ಬೇರೆ ಯಾರದೋ, ಬಹುಶಃ ಆಸ್ಪತ್ರೆಯ ನರ್ಸಿನದು. "ಮಗಳು ದಮಯಂತಿಗೆ ಆಶೀರ್ವಾದ. ನಿಮ್ಮ ತಂದೆ ತೀರಿಕೊಂಡದ್ದು ತಿಳಿಯಿತು. ನಿನಗೆ ಹೆಣ್ಣು ಮಗು ಆದದ್ದೂ ತಿಳಿಯಿತು. ನನಗೆ ಕಾಲು ಊತ, ನಿಲ್ಲಲು ಆಗುವುದಿಲ್ಲ, ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸದಿಂದ ಬಿಡಿಸಿದ್ದಾರೆ. ನಿನ್ನ ಕೈ ನಾನು ಸುಟ್ಟೆನೆಂದು ಜಡ್ಜರು ತೀರ್ಪಿನಲ್ಲಿ ಓದಿದರು. ನನಗೆ ನೆನಪಿಲ್ಲ. ನೆನಪಿಲ್ಲ ಎಂದ ಮೇಲೆ ನಾನೇ ಒಳಗೆ ನಿಂತು ಒಪ್ಪಿಕೊಂಡಿರಬೇಕು. ಆ ಮುಖ ಹೊತ್ತು ನಿನ್ನೆದುರು ಹೇಗೆ ಬರಲಿ ಎಂದು ಇಷ್ಟು ವರ್ಷ ಬರಲಿಲ್ಲ. ಈ ತಿಂಗಳ ಕೊನೆಯ ಬುಧವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ಬಾಗಿಲು ಹಾಕಿದ್ದರೆ ಹಾಗೇ ತಿರುಗಿ ಹೋಗುತ್ತೇನೆ, ಬೇಜಾರಿಲ್ಲ. ತೆಗೆದಿದ್ದರೆ ಜಗಲಿಯ ಮೇಲೆ ಇರುತ್ತೇನೆ. ಮಗುವನ್ನು ಮುಟ್ಟುವುದಿಲ್ಲ."

ತಿರುಗಿ ಎಲ್ಲಿಗೆ ಹೋಗುತ್ತೇನೆ ಎಂದು ಬರೆದಿರಲಿಲ್ಲ.

"ನಾನು ಕೆಲಸಕ್ಕೆ ಹೋದ್ರೆ ಕೂಸು ಆಯಮ್ಮನ ಹತ್ರಾನೇ ಇರ್ಬೇಕಾಗುತ್ತೆ," ಎಂದಳು ದಮಯಂತಿ. "ಕೈ ಸುಟ್ಟೋಳ ಹತ್ರ ಹೆಂಗಕ್ಕ ಬಿಡ್ಲಿ? ಆದ್ರೆ ಒಂದು ಡೌಟು ಐತೆ. ಇದನ್ನ ನಾನು ಕೋರ್ಟಲ್ಲಿ ಹೇಳಿದ್ರೆ ನಂಗೆ ಮರ್ತೋಗ್ಬೇಕಿತ್ತು ತಾನೆ? ಮರ್ತಿಲ್ಲ. ಹೇಳೇ ಇಲ್ಲ ಅಂದ್ರೆ ಇದು ನಿಜ, ಬಾಗ್ಲು ಹಾಕ್ಕೋತೀನಿ. ಹೇಳಿದೀನಿ ಅಂದ್ರೆ..." ಅಲ್ಲಿಗೆ ನಿಲ್ಲಿಸಿ ಕೂಸಿನ ಟೋಪಿ ಸರಿ ಮಾಡಿದಳು.

ಬುಧವಾರಕ್ಕೆ ಒಂಬತ್ತು ದಿನ ಇತ್ತು.

ನಂಬರು ಇಲ್ಲದ ಫೈಲನ್ನು ಹುಡುಕುವುದಕ್ಕೆ ದಾರಿಗಳಿವೆ. ಮಗುವನ್ನು ಯಾವಾಗ ಯಾರ ಕೈಗೆ ಕೊಟ್ಟರು ಎಂದು ತಿಳಿಯಬೇಕಾದರೆ ನಾನು ಮೊದಲು ಶಾಲೆಯ ಕಡೆ ನೋಡುತ್ತೇನೆ. "ಒಂದನೇ ಕ್ಲಾಸಿಗೆ ಯಾವಾಗ ಸೇರಿದೆ? ಯಾರು ಸೇರ್ಸಿದ್ರು?" ಎಂದೆ. ಅಪ್ಪ ಸೇರಿಸಿದ್ದು, ದೀಪಾವಳಿ ರಜ ಕಳೆದ ಮೇಲೆ, ಅಷ್ಟು ಹೊತ್ತಿಗೆ ಉಳಿದ ಮಕ್ಕಳೆಲ್ಲ ಅಕ್ಷರ ಮುಗಿಸಿ ಕಾಗುಣಿತಕ್ಕೆ ಬಂದಿದ್ದರು, ಮೇಷ್ಟ್ರು ನನ್ನನ್ನು ಹಿಂದಿನ ಸಾಲಿನಲ್ಲಿ ಕೂರಿಸಿದರು ಎಂದಳು. ಹಾಗಾದರೆ ತೀರ್ಪು ದಸರಾಕ್ಕೂ ದೀಪಾವಳಿಗೂ ನಡುವೆ. ಅವಳ ವಯಸ್ಸಿನಿಂದ ಲೆಕ್ಕ ಹಾಕಿದರೆ ಹದಿನಾರು ವರ್ಷದ ಹಿಂದೆ. ಅಷ್ಟು ಸಿಕ್ಕರೆ ರೆಕಾರ್ಡ್ ರೂಮಿನ ಬಾಗಿಲು ತಟ್ಟಬಹುದು.

ರೆಕಾರ್ಡ್ ರೂಮನ್ನು ನೋಡಿಕೊಳ್ಳುವವರು ಗುರುಪಾದಪ್ಪನವರು. ಧೂಳಿಗೆ ಮೂಗು ಸೋರುತ್ತದೆಂದು ವರ್ಷವಿಡೀ ಮುಖಕ್ಕೆ ಟವೆಲು ಸುತ್ತಿಕೊಂಡಿರುತ್ತಾರೆ. ಅವರಿಗೆ ಮದುವೆಯಾಗಿಲ್ಲ. ಕೇಳಿದರೆ, "ಮೂವತ್ತು ವರ್ಷ ಇವನ್ನೆಲ್ಲ ಜೋಡಿಸಿ ಜೋಡಿಸಿ ಇಟ್ಟೋನಿಗೆ ಯಾವ ಧೈರ್ಯ ಬರುತ್ತೆ ಸಾಕಮ್ಮ," ಎನ್ನುತ್ತಾರೆ. ಅಲ್ಲಿ ತೀರ್ಪಾದ ವರ್ಷಕ್ಕೊಂದು ಹೆಸರಿನ ಪುಸ್ತಕ, ಅದರಲ್ಲಿ ಕೇಸುಗಳು ಅರ್ಜಿ ಹಾಕಿದವರ ಮೊದಲ ಅಕ್ಷರದಂತೆ ಇರುತ್ತವೆ. ಅಪ್ಪನ ಹೆಸರು ನಂಜುಂಡಿ. ನಕಾರದ ಹಾಳೆಗಳನ್ನು ಗುರುಪಾದಪ್ಪನವರು ಮಂಗಳವಾರ ಇಡೀ ತಿರುಗಿಸಿದರು. ಆ ವರ್ಷದ ಪುಸ್ತಕ ಆಯಿತು, ಹಿಂದಿನದಾಯಿತು, ಅದರ ಹಿಂದಿನದೂ ಆಯಿತು. ಬುಧವಾರ ಪೂರ್ತಿ ಹೆಸರಿನಲ್ಲೂ ಮನೆತನದ ಹೆಸರಿನಲ್ಲೂ ನೋಡಿದರು. ನಂಜುಂಡಿ ಎಂಬುವರು ಏಳು ಜನ ಸಿಕ್ಕರು, ಅವಳಪ್ಪ ಸಿಗಲಿಲ್ಲ.

ಆ ಎರಡು ದಿನ ದಮಯಂತಿ ನನ್ನ ಮೇಜಿನ ಪಕ್ಕ ಕಲ್ಲಿನ ಮೇಲೆ ಕೂತು ಅಪ್ಪನ ವಿಷಯ ಹೇಳುತ್ತಿದ್ದಳು. ಕೆಟ್ಟ ಮಾತು ಒಂದೂ ಇಲ್ಲ. ಜಡೆ ಹಾಕುವುದನ್ನು ಪಕ್ಕದ ಮನೆಯವರಿಂದ ಕಲಿತು ತಾನೇ ಹಾಕುತ್ತಿದ್ದನಂತೆ. ಇನ್ನೊಂದು ಮದುವೆ ಮಾಡಿಕೊಳ್ಳಲಿಲ್ಲವಂತೆ. "ದಿನಾ ಸಾಯಂಕಾಲ ಈ ಕೈಗೆ ಕೊಬ್ರಿ ಎಣ್ಣೆ ಹಚ್ಚಿ ತಿಕ್ತಿದ್ರಕ್ಕ. ನಾನು ದೊಡ್ಡೋಳಾಗಿ, ಸಾಕು ಬಿಡಪ್ಪ ನಾಚ್ಕೆ ಆಗುತ್ತೆ ಅನ್ನೋವರೆಗೂ. ಒಂದೊಂದ್ಸಲ ಅತ್ತೂ ಬಿಡ್ತಿದ್ರು. ಆಯಮ್ಮ ಮಾಡಿದ ಕರ್ಮಕ್ಕೆ ಇವರು ಅಳ್ತಿದ್ರು." ನಾನು ಹೂಂ ಎಂದೆ. ಅಷ್ಟು ವರ್ಷ ತಪ್ಪದೆ ಎಣ್ಣೆ ಹಚ್ಚಿದ ಗಂಡಸು ಎಂದಾಗಲೇ ನನ್ನ ಮನಸ್ಸಿಗೆ ಏನೋ ಚುಚ್ಚಿತು. ಆದರೆ ಚುಚ್ಚಿದ್ದನ್ನೆಲ್ಲ ಬಾಯಲ್ಲಿ ಹೇಳುತ್ತ ಹೋದರೆ ನಮ್ಮ ಕೆಲಸ ನಡೆಯುವುದಿಲ್ಲ.

ಗುರುವಾರ ಬೆಳಿಗ್ಗೆ ನನಗೆ ನನ್ನದೇ ದಡ್ಡತನ ಕಂಡಿತು. "ಅಪ್ಪನೇ ಅರ್ಜಿ ಹಾಕಿದ್ದು ಅಂತ ನಿಂಗೆ ಯಾರು ಹೇಳಿದ್ರು?" ಎಂದು ಕೇಳಿದೆ.

"ಅಪ್ಪಾನೇ ತಾನೆ ನನ್ನ ಬಿಡಿಸ್ಕೊಂಡಿದ್ದು?"

"ಗೆದ್ದೋರೇ ಅರ್ಜಿ ಹಾಕಿರ್ಬೇಕು ಅಂತ ಏನಿಲ್ಲ. ಗುರುಪಾದಪ್ಪನೋರೆ, ರಕಾರ ತೆಗೀರಿ."

ಹತ್ತು ನಿಮಿಷದಲ್ಲಿ ಸಿಕ್ಕಿತು. ಅರ್ಜಿದಾರಳು ರುದ್ರಮ್ಮ, ಎದುರುದಾರ ನಂಜುಂಡಿ. ಅರ್ಜಿ ಹಾಕಿದಾಗ ಮಗುವಿಗೆ ಎರಡು ವರ್ಷ. ತೀರ್ಪಾಗುವಷ್ಟರಲ್ಲಿ ಆರು.

ದಮಯಂತಿ ಪುಸ್ತಕದ ಸಾಲಿನ ಮೇಲೆ ಬೆರಳಿಟ್ಟು ನಿಂತಳು. "ಆಯಮ್ಮ ಯಾಕೆ ಹಾಕಿದ್ಲು?"

"ನೀನು ಬೇಕು ಅಂತ," ಎಂದರು ಗುರುಪಾದಪ್ಪನವರು ಟವೆಲಿನೊಳಗಿನಿಂದ.

ಫೈಲು ಸಿಕ್ಕರೆ ಕೆಲಸ ಅರ್ಧ ಆದಂತೆ. ಮಕ್ಕಳ ಹೇಳಿಕೆಯನ್ನು ಅರಗು ಹಾಕಿದ ಲಕೋಟೆಯಲ್ಲಿ ಬೇರೆಯಾಗಿ ಇಟ್ಟಿರುತ್ತಾರೆ. ಅದನ್ನು ಒಡೆಯಬೇಕಾದರೆ ಜಡ್ಜರ ಅಪ್ಪಣೆ ಬೇಕು. ನಾನು ಅರ್ಜಿ ಬರೆದೆ: ಆಗ ಅಪ್ರಾಪ್ತೆಯಾಗಿದ್ದ ನಾನು ಈಗ ಪ್ರಾಪ್ತ ವಯಸ್ಕಳಾಗಿದ್ದು, ನಾನೇ ನೀಡಿದ ಹೇಳಿಕೆಯನ್ನು ಓದಲು ಅನುಮತಿ ಕೋರುತ್ತೇನೆ. ಕಾರಣ ಎಂಬಲ್ಲಿ ಏನು ಬರೆಯಲಿ ಎಂದು ಕೇಳಿದೆ. "ಬಾಗಿಲು ತೆಗೆಯೋದೋ ಬೇಡ್ವೋ ತಿಳಿಯೋಕೆ ಅಂತ ಬರೀರಿ," ಎಂದಳು. "ಸ್ವಂತ ತಿಳಿವಳಿಕೆಗಾಗಿ" ಎಂದು ಬರೆದೆ. ಗುರುತಿನ ಚೀಟಿ, ಶಾಲೆಯ ವರ್ಗಾವಣೆ ಪತ್ರ, ಅಪ್ಪನ ಮರಣ ಪತ್ರ ಎಲ್ಲ ಲಗತ್ತಿಸಿ ಕೊಟ್ಟೆವು. ಜಡ್ಜಮ್ಮ ರಜದಲ್ಲಿದ್ದರು. ಸೋಮವಾರ ಬಂದರು. ಅಪ್ಪಣೆ ಕೈಗೆ ಸಿಕ್ಕಿದ್ದು ಮಂಗಳವಾರ ಮಧ್ಯಾಹ್ನ: ಹೇಳಿದವಳು ಓದಬಹುದು, ಬೇರೆಯವರು ಓದುವಂತಿಲ್ಲ, ನಕಲು ಇಲ್ಲ, ಹಿಡಿಯಲು ಒಬ್ಬರು ಜೊತೆಗಿರತಕ್ಕದ್ದು.

ಹಿಡಿಯುವುದು ಎಂದರೆ ನಿಜವಾಗಿಯೂ ಹಿಡಿಯುವುದೇ. ತಮ್ಮದೇ ಮಾತು ಓದಿ ಬಿದ್ದು ತಲೆ ಒಡೆದುಕೊಂಡವರಿದ್ದಾರೆ. ಅದಕ್ಕೊಂದು ಪುಸ್ತಕ ಇದೆ, ಹಿಡಿಯುವವರು ಸಹಿ ಹಾಕಬೇಕು. ಆ ಪುಸ್ತಕದ ತುಂಬ ನನ್ನ ಸಹಿಯೇ. ಕೂಸನ್ನು ಮಾದಯ್ಯನ ಹೆಂಡತಿಯ ಕೈಗೆ ಕೊಟ್ಟು ಒಳಗೆ ಹೋದೆವು.

ಲಕೋಟೆಯೊಳಗೆ ಹನ್ನೊಂದು ಪುಟ ಇತ್ತು. ಆರು ವರ್ಷದ ಮಗು ಸಾಮಾನ್ಯವಾಗಿ ಅರ್ಧ ಪುಟ ಹೇಳುತ್ತದೆ. ದಮಯಂತಿ ಮೊದಲ ಪುಟವನ್ನು ಮನಸ್ಸಿನಲ್ಲೇ ಓದಿದಳು. ಆಮೇಲೆ ತಿಳಿಯದೆಯೋ ಏನೋ, ಮೆಲ್ಲನೆ ಬಾಯಿಬಿಟ್ಟು ಓದತೊಡಗಿದಳು. ಬೇರೆಯವರು ಓದುವಂತಿಲ್ಲ ಎಂದಿತ್ತೇ ಹೊರತು ಕೇಳುವಂತಿಲ್ಲ ಎಂದಿರಲಿಲ್ಲ. ಗುರುಪಾದಪ್ಪನವರು ಬೀರುವಿನ ಕಡೆ ಮುಖ ಮಾಡಿ ನಿಂತುಕೊಂಡರು.

ಆಗಿನ ಜಡ್ಜರು ಒಳ್ಳೆಯವರಿರಬೇಕು. ಮಗುವನ್ನು ಹೆದರಿಸದೆ, ಮನೆಯಲ್ಲಿ ಏನೇನು ಮಾಡ್ತೀಯ ಎಂದು ಕೇಳಿದ್ದರು. ಮಗು ಹೇಳಿತ್ತು. ಅಮ್ಮ ರೊಟ್ಟಿ ತಟ್ಟುವಾಗ ಉಗುರಿನಿಂದ ಅದರ ಮೇಲೆ ಚಂದ್ರನನ್ನು ಬರೆಯುತ್ತಾಳೆ, ಚಂದ್ರ ಇರುವ ರೊಟ್ಟಿ ನನಗೆ. ಗುಡುಗು ಬಂದರೆ ನಾವಿಬ್ಬರೂ ತಲೆಯ ಮೇಲೆ ಮೊರ ಮುಚ್ಚಿಕೊಂಡು ಕೂರುತ್ತೇವೆ, ಗುಡುಗಿಗೆ ನಾವು ಕಾಣಿಸುವುದಿಲ್ಲ. ಅಮ್ಮ ನನ್ನನ್ನು ಗುಬ್ಬಿ ಅಂತಾಳೆ. ಕೆರೆ ಏರಿಯ ಮೇಲೆ ಎಮ್ಮೆ ಎಣಿಸುತ್ತೇವೆ, ಅಮ್ಮನಿಗೆ ಇಪ್ಪತ್ತರ ಮೇಲೆ ಎಣಿಸಲು ಬರುವುದಿಲ್ಲ, ನನಗೆ ಬರುತ್ತದೆ. ಅಮ್ಮ ನಿದ್ದೆಯಲ್ಲಿ ಗೊರಕೆ ಹೊಡೆಯುತ್ತಾಳೆ, ಮೂಗು ಹಿಡಿದರೆ ನಿಲ್ಲುತ್ತದೆ. ನನಗೆ ಜ್ವರ ಬಂದಾಗ ನನ್ನ ಅಂಗಾಲನ್ನು ತನ್ನ ಹೊಟ್ಟೆಗೆ ಒತ್ತಿಕೊಂಡು ಕೂತಿದ್ದಳು. ಹೀಗೆ ಎಂಟು ಪುಟ. ಆ ಮಗು ಒಂದು ದಿನವನ್ನೂ ಬಿಟ್ಟಿರಲಿಲ್ಲ.

"ಯಾವುದಾದ್ರೂ ನೆನಪಿಗೆ ಬರುತ್ತೇನವ್ವ?" ಎಂದೆ.

"ಯಾರದೋ ಮನೆ ಕಥೆ ಇದ್ದಂಗೈತೆ," ಎಂದು ಪುಟ ತಿರುಗಿಸಿದಳು.

ಒಂಬತ್ತನೇ ಪುಟದಲ್ಲಿ ಜಡ್ಜರು ಕೈಗೆ ಏನಾಯಿತು ಎಂದು ಕೇಳಿದ್ದರು. ಅಷ್ಟನ್ನು ಅವಳು ಓದಿದಳು. ಆಮೇಲೆ ಕಾಗದ ನೋಡದೆ, ಎದುರಿನ ಗೋಡೆ ನೋಡುತ್ತ ಹೇಳಿದಳು: "ಅಮ್ಮ ನನ್ನ ಕೈ ಹಿಡಿದು ಕಾದ ಕಾವಲಿಗೆ ಒತ್ತಿದಳು. ಹಸಿರು ಬಳೆ ಹಾಕಿದ್ದಳು. ಸಾಯಿ ಅಂದಳು." ಕಾಗದದಲ್ಲೂ ಅಕ್ಷರಕ್ಕೆ ಅಕ್ಷರ ಹಾಗೇ ಇತ್ತು.

ನಾನು ಅವಳ ಭುಜ ಹಿಡಿದುಕೊಂಡೆ. ಅವಳು ಬೀಳಲಿಲ್ಲ. ಮುಂದಿನ ಸಾಲು ಓದಿದಳು. ಆಗ ನಿನಗೆ ಎಷ್ಟು ವರ್ಷ? ಎರಡು. ಎರಡು ವರ್ಷದವಳಿದ್ದಾಗಿನದು ನಿನಗೆ ನೆನಪಿದೆಯಾ ಮರಿ? ಅದಕ್ಕೆ ಮಗು ಕೊಟ್ಟ ಉತ್ತರ: "ಭಾನುವಾರ ಭಾನುವಾರ ನೆನಪು ಮಾಡ್ಕೋತೀನಿ."

ಜಡ್ಜರು ಅದನ್ನು ಬರೆಸಿಕೊಂಡು ಮುಂದಕ್ಕೆ ಹೋಗಿದ್ದರು.

"ಭಾನುವಾರ ಅಂದ್ರೇನಕ್ಕ?"

ಹೇಳದೆ ಇರಬಹುದಿತ್ತು. ಆದರೆ ಅವಳು ಎಂಟು ದಿನ ಕಾದದ್ದು ಅದಕ್ಕೇ. "ಕೇಸು ನಡೆಯೋವಾಗ ಮಗೂನ ಭಾನುವಾರ ಭಾನುವಾರ ಅಪ್ಪನ ಹತ್ರ ಬಿಡ್ತಾರೆ ಕಣವ್ವ," ಎಂದೆ.

ಕೊನೆಯ ಪುಟದಲ್ಲಿ, ಯಾರ ಜೊತೆ ಇರಲು ಇಷ್ಟ ಎಂದು ಕೇಳಿದ್ದಕ್ಕೆ "ಅಮ್ಮನ ಜೊತೆ" ಎಂದಿತ್ತು. ಅದರ ಕೆಳಗೆ ಜಡ್ಜರ ಟಿಪ್ಪಣಿ: ಮಗು ತಾಯಿಯ ಭಯದಿಂದ ಹೀಗೆ ಹೇಳುತ್ತಿರುವಂತೆ ಕಾಣುತ್ತದೆ.

ದಮಯಂತಿ ಹಾಳೆಗಳನ್ನು ಅಂಚು ಕೂಡಿಸಿ ಜೋಡಿಸಿದಳು, ಊದುಬತ್ತಿ ಕಟ್ಟು ಜೋಡಿಸುವ ಹಾಗೆ. ಎಂಟು ಪುಟದ ನಿಜದ ತಾಯಿ ಅವಳ ತಲೆಯಿಂದ ಹೋಗಿದ್ದಳು. ಒಂದು ಸುಳ್ಳಿನ ತಾಯಿ ಉಳಿದಿದ್ದಳು. ಆ ಮಗು ಅಷ್ಟೊಂದು ಮಾತಾಡದೆ ಇದ್ದಿದ್ದರೆ ಒಂದಿಷ್ಟಾದರೂ ಮಿಗುತ್ತಿತ್ತು ಎಂದು ನನಗೆ ಅನ್ನಿಸಿತು. ಆದರೆ ಅಮ್ಮನನ್ನು ಕಳೆದುಕೊಳ್ಳುತ್ತೇನೆಂದು ಗೊತ್ತಿರುವ ಮಗು ಇನ್ನೇನು ಮಾಡೀತು.

"ಇಷ್ಟೆಲ್ಲಾ ಓದಿದ್ರೂ ಬಳೆ ಕಾಣ್ತಾನೇ ಐತೆ," ಎಂದಳು. "ಈಗ್ಲೂ ಐತೆ. ಸುಳ್ಳು ಅಂತ ಗೊತ್ತಾದ್ಮೇಲೂ ಐತೆ. ಇದನ್ನ ಮರೆಯೋಕೆ ಏನು ಮಾಡ್ಬೇಕಕ್ಕ?"

"ಅದಕ್ಕೆ ಅರ್ಜಿ ನಮೂನೆ ಇಲ್ಲ ಕಣವ್ವ," ಎಂದೆ. ನನಗಿಂತ ಚೆನ್ನಾಗಿ ಅದನ್ನು ಯಾರು ಬಲ್ಲರು.

ಬುಧವಾರ ಅವಳು ಬಾಗಿಲು ತೆಗೆದಿಟ್ಟಳು. "ಬಾಗ್ಲಿಗೆ ಕಲ್ಲು ಅಡ್ಡ ಇಟ್ಟಿದ್ದೆ, ಗಾಳಿಗೆ ಹಾಕ್ಕೊಂಡ್ರೆ ಆಯಮ್ಮ ತಿರುಗಿ ಹೋದಾಳು ಅಂತ," ಎಂದು ಆಮೇಲೆ ನನಗೆ ಹೇಳಿದಳು. ಗುರುವಾರ ತಾಯಿಯನ್ನು ಆಟೋದಲ್ಲಿ ಕೂರಿಸಿಕೊಂಡು ಕೋರ್ಟಿಗೆ ಕರೆತಂದಳು. ರುದ್ರಮ್ಮನ ಹೇಳಿಕೆಯೂ ಅದೇ ಫೈಲಿನಲ್ಲಿತ್ತು. ಅದು ದೊಡ್ಡವರ ಹೇಳಿಕೆ, ಲಕೋಟೆ ಇಲ್ಲ, ಹೇಳಿದವರು ಬಂದು ಕೇಳಿದರೆ ಸಾಕು.

ರುದ್ರಮ್ಮನಿಗೆ ಐವತ್ತೂ ಆಗಿರಲಿಲ್ಲ, ಎಪ್ಪತ್ತರವಳಂತೆ ಕಾಣು‌ತ್ತಿದ್ದಳು. ಬೆರಳುಗಳು ಸೋಪಿನ ನೀರಿಗೆ ಬೆಳ್ಳಗೆ ಬಿರಿದುಹೋಗಿದ್ದವು. ಆಟೋದಿಂದ ಇಳಿಯುವಾಗ ಮಗಳ ತೋಳಿನ ಆಸರೆ ಹಿಡಿಯದೆ ಕಂಬಿ ಹಿಡಿದು ಇಳಿದಳು. ಓದಲು ಬರುವುದಿಲ್ಲ ಎಂದಳು. ಹಾಗಿದ್ದಾಗ ಹಿಡಿಯುವವರು ಓದಿ ಹೇಳಬಹುದು. ನಾನು ಸಹಿ ಹಾಕಿ, ಅವಳನ್ನು ಬೆಂಚಿಗೆ ಕೂರಿಸಿ, ಎರಡು ಪುಟ ಓದಿದೆ. ಅವಳ ಮಾತಿನಲ್ಲಿ ಹೀಗಿತ್ತು:

ಮಗುವಿನ ಎರಡನೇ ಹುಟ್ಟುಹಬ್ಬ ಆಗಿ ಒಂದು ವಾರಕ್ಕೆ, ನಾನು ತವರಿಗೆ ಹೋಗುತ್ತೇನೆಂದು ಹೊರಟಾಗ, ನನ್ನ ಗಂಡ ರೊಟ್ಟಿ ಬೇಯುತ್ತಿದ್ದ ಕಾವಲಿಯ ಬಳಿ ಕೂತಿದ್ದ ಮಗುವಿನ ಕೈ ಹಿಡಿದು ಅದಕ್ಕೆ ಒತ್ತಿ, "ಈಗ ಹೇಳು, ಹೋಗ್ತೀಯಾ, ಇರ್ತೀಯಾ?" ಎಂದು ಕೇಳಿದನು. ಇರ್ತೀನಿ ಎಂದೆ. ಆಗ ಬಿಟ್ಟನು. ಮಾರನೇ ದಿನ ಅವನು ಕೆಲಸಕ್ಕೆ ಹೋದ ಮೇಲೆ ಮಗುವನ್ನು ಎತ್ತಿಕೊಂಡು ಬಂದು ಈ ಅರ್ಜಿ ಹಾಕಿದೆ.

ದಮಯಂತಿ ಬಾಗಿಲ ಹತ್ತಿರ ನಿಂತಿದ್ದಳು. ಅವಳು ತನ್ನ ಎಡ ಅಂಗೈಯನ್ನು ಮುಷ್ಟಿ ಮಾಡಿಕೊಂಡದ್ದನ್ನು ಕಂಡೆ. ಎಣ್ಣೆ ಹಚ್ಚುತ್ತ ಅಳುತ್ತಿದ್ದ ಅಪ್ಪನೂ ಅವತ್ತು ಆ ರೂಮಿನಲ್ಲಿ ಅವಳ ಕೈತಪ್ಪಿ ಹೋದ.

ರುದ್ರಮ್ಮ ಕೇಳಿದಳು, "ನಾನು ಒಪ್ಕೊಂಡಿದ್ದು ಎಲ್ಲೈತೆ? ಅದನ್ನ ಓದಮ್ಮ."

"ಇಲ್ಲ ತಾಯಿ. ಇಷ್ಟೇ ಇರೋದು. ನೀನು ಒಪ್ಕೊಂಡೇ ಇಲ್ಲ."

"ಸುಟ್ಟಿದ್ದು ನಂಗೆ ನೆನಪೇ ಇಲ್ವಲ್ಲ ಮತ್ತೆ? ನಿಜ ಹೇಳಿದ್ರೆ ತಾನೆ ಮರ್ತೋಗೋದು?"

"ನಡೀದೇ ಇರೋದು ಯಾರಿಗೆ ತಾನೆ ನೆನಪಿರುತ್ತಮ್ಮ?" ಎಂದೆ.

ಇಷ್ಟು ಸಣ್ಣ ಮಾತು. ಬೇರೆ ಊರಿನವರಾಗಿದ್ದರೆ ಮೊದಲ ದಿನವೇ ಹೊಳೆಯುತ್ತಿತ್ತು. ನಮ್ಮೂರಿನಲ್ಲಿ ಹುಟ್ಟಿ ಬೆಳೆದವರು ನೆನಪಿಲ್ಲ ಎಂದ ಕೂಡಲೇ ನಿಜ ಎಂದುಕೊಳ್ಳುತ್ತಾರೆ. ರುದ್ರಮ್ಮ ತನ್ನ ಬಿಳಿಚಿದ ಬೆರಳುಗಳನ್ನು ಬಿಡಿಸಿ ನೋಡಿಕೊಂಡಳು. ಆಮೇಲೆ ಹೇಳಿದ್ದು ಇದು: "ಆಸ್ಪತ್ರೇಲಿ ಮಕ್ಕಳ ವಾರ್ಡಿನ ಬಟ್ಟೆ ಮಾತ್ರ ನಾನು ಮುಟ್ಟಲ್ಲ ಅಂತಿದ್ದೆ. ಎಷ್ಟು ಬೈಸ್ಕೊಂಡೆ ಅವರ ಕೈಲಿ."

ಆ ಮಾತಿಗೆ ಗುರುಪಾದಪ್ಪನವರು ಟವೆಲು ಬಿಚ್ಚಿ ಮೂಗು ಒರೆಸಿಕೊಂಡರು. ಹದಿನಾರು ವರ್ಷದ ಹಿಂದೆ ಅವಳು ಹೇಳಿಕೆ ಕೊಟ್ಟು ಮೆಟ್ಟಿಲಿಳಿದು ಬಂದ ದಿನ ನನ್ನ ಮೇಜು ಅಲ್ಲೇ ಇತ್ತು. ಇವತ್ತೇ ನಕಲು ತಗೋ ಎಂದು ಅವಳಿಗೆ ಹೇಳಿದ್ದೆನೋ, ಗಿರಾಕಿ ಇದ್ದಾರೆಂದು ಸುಮ್ಮನಿದ್ದೆನೋ. ಎಷ್ಟು ಯೋಚಿಸಿದರೂ ನೆನಪಾಗುವುದಿಲ್ಲ. ಒಂದು ಕಾಗದ ಕೈಯಲ್ಲಿದ್ದಿದ್ದರೆ ಅವಳು ಮೇಲಿನ ಕೋರ್ಟಿಗೆ ಹೋಗುತ್ತಿದ್ದಳು.

ತಿಂಗಳ ಮೇಲೆ ಒಂದು ಭಾನುವಾರ ದಮಯಂತಿ ನನ್ನನ್ನು ಊಟಕ್ಕೆ ಕರೆದಳು. ಒಂದೇ ಕೋಣೆಯ ಮನೆ, ಮೂಲೆಯಲ್ಲಿ ಒಲೆ. ರುದ್ರಮ್ಮ ಈಗ ಜಗಲಿಯಲ್ಲಿ ಮಲಗುವುದಿಲ್ಲ, ಒಳಗೆ ಬಾಗಿಲ ಪಕ್ಕ ಚಾಪೆ ಹಾಕಿಕೊಂಡಿದ್ದಾಳೆ. ಅವಳು ಕೋರ್ಟಿನಲ್ಲಿ ಹೇಳಿದ್ದು ಆ ಎರಡು ಪುಟ ಮಾತ್ರವಾದ್ದರಿಂದ ಉಳಿದದ್ದೆಲ್ಲ ಅವಳಿಗೆ ನೆನಪಿದೆ. ಮೊರ ಮುಚ್ಚಿಕೊಂಡು ಕೂರುತ್ತಿದ್ದದ್ದು, ಎಮ್ಮೆ ಎಣಿಸಿದ್ದು ಎಲ್ಲ ಹೇಳಿ ನಗುತ್ತಾಳೆ. ದಮಯಂತಿ ಬೇರೆಯವರ ಮಗುವಿನ ಆಟ ಕೇಳಿದಂತೆ ಹೂಂ, ಹೂಂ ಎನ್ನುತ್ತಾಳೆ. ಕೆಲಸಕ್ಕೆ ಹೋಗುವಾಗ ಕೂಸನ್ನು ಎಲ್ಲಿ ಬಿಡುತ್ತೀಯ ಎಂದು ಕೇಳಿದೆ. "ಪಕ್ಕದ ಮನೇಲಿ," ಎಂದು ತಲೆ ತಗ್ಗಿಸಿದಳು. "ನಂಗೆ ಎಲ್ಲಾ ಗೊತ್ತಕ್ಕ. ಗೊತ್ತಿದ್ರೂ ಕೈಗೆ ಕೊಡೋಕೆ ಹೋದ್ರೆ ಬಳೆ ಸದ್ದು ಕೇಳಿದಂಗಾಗುತ್ತೆ." ಬಾಗಿಲ ಬಳಿಯಿಂದ ರುದ್ರಮ್ಮ, "ಬೇಡ ಬಿಡಮ್ಮ, ನಂಗೂ ಅಭ್ಯಾಸ ತಪ್ಪೈತೆ," ಎಂದಳು. ಅವಳ ಕೈಯಲ್ಲಿ ಬಳೆಯೇ ಇರಲಿಲ್ಲ.

ದಮಯಂತಿ ನನಗೆ ರೊಟ್ಟಿ ಮಾಡಲು ಕೂತಳು. ಒಂದು ರೊಟ್ಟಿಯ ಮೇಲೆ ಉಗುರಿನಿಂದ ಓರೆಯಾಗಿ ಒಂದು ಚಂದ್ರನನ್ನು ಬರೆದಳು. ಆ ಹನ್ನೊಂದು ಪುಟದಲ್ಲಿ ಓದಿ ಕಲಿತದ್ದು. ಅದನ್ನು ಕಾವಲಿಗೆ ಹಾಕಿ ಮೇಲೆ ನೀರು ಸವರಿದಾಗ ಚುಂಯ್ ಎಂದಿತು. ಸದ್ದಿಗೆ ಅವಳು ಎಡಗೈಯನ್ನು ಎದೆಗೆ ಎಳೆದುಕೊಂಡಳು. ಅದೇ ಗಳಿಗೆಗೆ ಬಾಗಿಲ ಬಳಿ ರುದ್ರಮ್ಮ ತನ್ನ ಎರಡೂ ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು. ಇಬ್ಬರ ನಡುವೆ ಚಾಪೆಯ ಮೇಲೆ ಮಲಗಿದ್ದ ಕೂಸು ಯಾರಾದರೂ ಎತ್ತಿಕೊಳ್ಳಲಿ ಎಂದು ಕೈ ಚಾಚಿ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ನೋಡುತ್ತಿತ್ತು. ನಾನು ತಟ್ಟೆ ಕೆಳಗಿಟ್ಟು ಎದ್ದೆ.